ಮಲೇರಿಯಾ ವಾಸಿಯಾಯಿತೇ? ಪ್ಲೇಟ್‌ಲೆಟ್ ಕೇಳಬೇಡಿ

ಮಾನ್ಯ ಸಂಪಾದಕರೇ,

ಮಲೇರಿಯಾಕ್ಕೆ ಮಾತ್ರೆ ಶುರುವಾದರೆ ಸಾಕು, ಮನೆಯವರು ದಿನಾ ಕೇಳುವುದು ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಾಯ್ತು?’ ಇದು ಡೆಂಗಿ ಕಲಿಸಿದ ಅಭ್ಯಾಸ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ನಿಜ. ಔಷಧಿ ಹಿಡಿದರೆ ಅದು ತಾನಾಗಿಯೇ ಏರುತ್ತದೆ, ಪಪ್ಪಾಯಿ ಎಲೆಯ ರಸ ಕುಡಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಗುಣವಾಗುತ್ತಿದೆಯೇ ಎಂದು ತಿಳಿಯಲು ನೋಡಬೇಕಾದ್ದು ಬೇರೆ.

ಮುಖ್ಯವಾದದ್ದು ಸ್ಲೈಡ್, ಅಂದರೆ ಗಾಜಿನ ಮೇಲೆ ಹಚ್ಚಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ರಿಪೋರ್ಟಿನಲ್ಲಿ ಬರೀ ‘ಪಾಸಿಟಿವ್’ ಎಂದಿದ್ದರೆ ಸಾಲದು, ಸಂಖ್ಯೆ ಬೇಕು. ದಪ್ಪ ಲೇಪನದಲ್ಲಿ 200 ಬಿಳಿರಕ್ತಕಣ ಎಣಿಸುವಷ್ಟರಲ್ಲಿ ಸಿಕ್ಕ ಪರಾವಲಂಬಿಗಳ (ಮಲೇರಿಯಾ ರೋಗಾಣುಗಳ) ಸಂಖ್ಯೆಯನ್ನು 40ರಿಂದ ಗುಣಿಸಿದರೆ ಒಂದು ಮೈಕ್ರೋಲೀಟರ್ ರಕ್ತದ ಲೆಕ್ಕ ಬರುತ್ತದೆ. ಬಿಳಿರಕ್ತಕಣ 8000 ಇದೆ ಎಂದು ಊಹಿಸಿ ಮಾಡುವ ಲೆಕ್ಕವಿದು. ರೋಗಿಯಲ್ಲಿ ಇರುವುದೇ 4000 ಆದರೆ ಉತ್ತರ ನಿಜಕ್ಕಿಂತ ದುಪ್ಪಟ್ಟಾಗಿಬಿಡುತ್ತದೆ, ಹಾಗಾಗಿ ಅದೇ ದಿನದ ಸಿಬಿಸಿ (ರಕ್ತಕಣಗಳ ಎಣಿಕೆ) ಸಂಖ್ಯೆಯನ್ನೇ ಬಳಸಬೇಕು. ಫ್ಯಾಲ್ಸಿಪಾರಂನಲ್ಲಿ (ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆ) ಮೊದಲ ದಿನ ಎಣಿಕೆ ಕೊಂಚ ಏರಿದರೆ ಗಾಬರಿ ಬೇಡ, ಒಳಾಂಗಗಳ ರಕ್ತನಾಳಗಳಿಗೆ ಅಂಟಿಕೊಂಡಿದ್ದ ಸೋಂಕಿತ ಕೆಂಪುಕಣಗಳು ಒಡೆದು ಹೊಸ ಪರಾವಲಂಬಿಗಳು ಹೊರಬರುತ್ತವೆ. ಮೂರನೇ ದಿನ ಆರಂಭದ ಕಾಲು ಭಾಗದಷ್ಟಾದರೂ ಉಳಿದಿದ್ದರೆ ಔಷಧಿ ಸೋತಿದೆ ಎಂದು ಅರ್ಥ. ಕುಡುಗೋಲಿನಂತೆ ಬಾಗಿದ ರೂಪಗಳು (ಸೊಳ್ಳೆಗೆ ದಾಟುವ ಹಂತದವು) ಮಾತ್ರ ಕಂಡರೆ ಅದು ಸೋಲಲ್ಲ, ಅವು ವಾರಗಟ್ಟಲೆ ಉಳಿಯುತ್ತವೆ. ‘ನೆಗೆಟಿವ್’ ಬರೆಯುವ ಮುನ್ನ ಕನಿಷ್ಠ 100 ಕ್ಷೇತ್ರ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ಜಾಗ) ನೋಡಿರಬೇಕು.

ಗುಣವಾದದ್ದನ್ನು ಖಚಿತಪಡಿಸಲು ಕಾರ್ಡ್ ಟೆಸ್ಟ್ (ರಕ್ತದ ಹನಿ ಹಾಕಿ ಗೆರೆ ನೋಡುವ ಪರೀಕ್ಷೆ) ಮತ್ತೆ ಮಾಡಿಸಬೇಡಿ. ಫ್ಯಾಲ್ಸಿಪಾರಂ ಗೆರೆ ಮೂಡಿಸುವ ಎಚ್‌ಆರ್‌ಪಿ-2 ಪ್ರೋಟೀನು ಪರಾವಲಂಬಿ ಸತ್ತ ಮೇಲೂ ವಾರಗಳ ಕಾಲ ರಕ್ತದಲ್ಲಿ ಉಳಿಯುತ್ತದೆ. ಆ ಗೆರೆ ನೋಡಿ ಎರಡನೇ ಸಲ ಪೂರ್ತಿ ಔಷಧಿ ನುಂಗಿಸುವುದು ವ್ಯರ್ಥ.

ದಾಖಲಾದ ದಿನ ಅಪಾಯ ಹೇಳುವ ಅಂಕಿಗಳು ಬೇರೆ: ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ಏರುವ ವಸ್ತು) ಲೀಟರಿಗೆ 5 ಮಿಲಿಮೋಲ್ ಅಥವಾ ಹೆಚ್ಚು, ಸಕ್ಕರೆ ಡೆಸಿಲೀಟರಿಗೆ 40 ಮಿಲಿಗ್ರಾಂಗಿಂತ ಕಡಿಮೆ, ಕ್ರಿಯೇಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವ ಅಂಕಿ) ಡೆಸಿಲೀಟರಿಗೆ 3 ಮಿಲಿಗ್ರಾಂ ಮೀರಿರುವುದು. ಇವುಗಳಲ್ಲಿ ಒಂದು ಕಂಡರೂ ಮಾತ್ರೆಯ ಕಾಲ ಮುಗಿಯಿತು, ಆರ್ಟಿಸುನೇಟ್ ಇಂಜೆಕ್ಷನ್ ಬೇಕು. ಒಂದು ಎಚ್ಚರಿಕೆ: ಜಗಳೂರಿನಲ್ಲಿ ತೆಗೆದ ರಕ್ತ ಬೇಸಿಗೆಯ ಬಸ್ಸಿನಲ್ಲಿ ದಾವಣಗೆರೆ ಮುಟ್ಟುವಷ್ಟರಲ್ಲಿ ಕೆಂಪುಕಣಗಳು ಸಕ್ಕರೆ ತಿಂದು ಲ್ಯಾಕ್ಟೇಟ್ ಉಗುಳಿರುತ್ತವೆ. ಎರಡೂ ಅಂಕಿ ಸುಳ್ಳಾಗುತ್ತವೆ. ಇದಕ್ಕೆ ಬೇಕಾದ್ದು ಫ್ಲೋರೈಡ್ ಟ್ಯೂಬು (ಕಣಗಳು ಸಕ್ಕರೆ ತಿನ್ನುವುದನ್ನು ತಡೆಯುವ ಟ್ಯೂಬು), ಐಸು, ಬೇಗ ಪರೀಕ್ಷೆ. ರಕ್ತ ತೆಗೆಯುವಾಗ ತೋಳಿನ ಪಟ್ಟಿಯನ್ನೂ ಹೆಚ್ಚು ಹೊತ್ತು ಬಿಗಿದಿಡಬಾರದು.

ಮಲೇರಿಯಾದ ಇನ್ನೊಂದು ಬಗೆಯಾದ ವೈವ್ಯಾಕ್ಸ್ ಮರುಕಳಿಸುತ್ತದೆಯೇ ಎಂದು ಹೇಳುವ ರಕ್ತಪರೀಕ್ಷೆಯೇ ಇಲ್ಲ, ಯಕೃತ್ತಿನಲ್ಲಿ ಮಲಗಿರುವ ರೂಪ ರಕ್ತದಲ್ಲಿ ಕಾಣುವುದಿಲ್ಲ. ಆದ್ದರಿಂದಲೇ ಆ ರೂಪವನ್ನು ಕೊಲ್ಲುವ ಪ್ರಿಮಾಕ್ವಿನ್ ಮಾತ್ರೆ 14 ದಿನ, ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 15 ಮಿಲಿಗ್ರಾಂ, ಊಟದ ಜೊತೆ (ಗರ್ಭಿಣಿಯರಿಗೆ, ಹಸುಗೂಸಿಗೆ ಬೇಡ). ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು, ಜಿ6ಪಿಡಿ (ಕೆಂಪುಕಣ ಒಡೆಯದಂತೆ ಕಾಪಾಡುವ ಕಿಣ್ವ) ಕೊರತೆ ಇರಬಹುದು. ಕೆಂಪುಕಣ ಒಡೆದ ಬೆನ್ನಲ್ಲೇ ಜಿ6ಪಿಡಿ ಪರೀಕ್ಷೆ ಮಾಡಿದರೆ ಉಳಿದ ಎಳೆಯ ಕಣಗಳಿಂದ ‘ನಾರ್ಮಲ್’ ಬಂದುಬಿಡಬಹುದು.

ಕೊನೆಗೆ ಒಂದು ಬೇಡಿಕೆ. ಆರ್ಟಿಸುನೇಟ್ ಇಂಜೆಕ್ಷನ್ ಪಡೆದ ಕೆಲವರಲ್ಲಿ, ಪರಾವಲಂಬಿ ಹೋದ ಮೇಲೂ, 7ರಿಂದ 21 ದಿನಗಳ ನಡುವೆ ಕೆಂಪುಕಣ ಒಡೆದು ಹಿಮೋಗ್ಲೋಬಿನ್ ಕುಸಿಯುತ್ತದೆ. ರೋಗಿ ಅಷ್ಟರಲ್ಲಿ ಮೊಳಕಾಲ್ಮೂರಿನಲ್ಲೋ ಹೊಸದುರ್ಗದಲ್ಲೋ ಮನೆ ಸೇರಿರುತ್ತಾನೆ, ಸುಸ್ತನ್ನು ಜ್ವರದ ಬಾಕಿ ಎಂದುಕೊಳ್ಳುತ್ತಾನೆ. 7, 14, 21, 28ನೇ ದಿನದ ಹಿಮೋಗ್ಲೋಬಿನ್ ತಾರೀಕುಗಳನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದು ಕೊಡಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅದನ್ನು ಮಾಡಿಸುವಂತಾಗಲಿ.

– ಲ್ಯಾಬ್ ತಂತ್ರಜ್ಞರು, ದಾವಣಗೆರೆ