ಹಳೇ ವಿಟೆಕ್ ಕಾರ್ ತಗೊಂಡಿದೀನಿ, ಬೆಲ್ಟ್ ಹಾಕೋಕೆ ಭಾನುವಾರ ಯಾರ್ಯಾರ್ ಬರ್ತೀರ?

ನಮಸ್ಕಾರ ಕಣ್ರಪ್ಪ ಎಲ್ರಿಗೂ. ಕೊನೆಗೂ ತಗೊಂಡೇಬಿಟ್ಟೆ, 2002ರ ಹೋಂಡಾ ಸಿಟಿ ವಿಟೆಕ್, 1.5 ಲೀಟರು, ಮಂಡ್ಯದಲ್ಲೇ ಸಿಕ್ತು. ಮೊದಲ್ನೇ ದಿನಾನೇ ಚಾಮುಂಡಿ ಬೆಟ್ಟಕ್ಕೆ ಓಡಿಸ್ಕೊಂಡ್ ಹೋದೆ, ಹತ್ತೋವಾಗ ಏನ್ ಮಜಾ ಅಂತೀರ, ಇಳಿಯೋವಾಗ ನಂದಿ ರಸ್ತೆ ತಿರುವು ಹತ್ರ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೋಯ್ತು ನೋಡಿ, ಎದೆ ಝಲ್ ಅಂತು, ಸೆಕೆಂಡ್ ಗೇರ್‌ಗೆ ಹಾಕಿ ಹೆಂಗೋ ಇಳಿಸ್ದೆ. ಆಮೇಲೆ ಮುಚ್ಚಳ ತೆಗೆದ್ರೆ ಬ್ರೇಕ್ ಆಯಿಲ್ಲು ಕಾಫಿ ಡಿಕಾಕ್ಷನ್ ತರ ಕಪ್ಪು! ಅದು ಗಾಳೀಲಿರೋ ತೇವ ಹೀರ್ಕೊಳುತ್ತೆ, ಬಿಸಿ ಆದಾಗ ಆ ನೀರು ಆವಿ ಆಗಿ ಪೆಡಲ್ ಕೈಕೊಡುತ್ತೆ. ಎರಡು ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು, ನಿಮ್ದೂ ನೋಡ್ಕೊಳಿ.

ಟೈರು ಹೊಸದು ಅಂದಿದ್ದ ಮಾರಿದೋನು, ಪಕ್ಕದಲ್ಲಿ 2214 ಅಂತಿದೆ, ಅಂದ್ರೆ 2014ರ 22ನೇ ವಾರದ್ದು. ಹೋಗ್ಲಿ ಬಿಡಿ.

ಈಗ ಟೈಮಿಂಗ್ ಬೆಲ್ಟು, ಅದೇ ಇಂಜಿನ್ನಲ್ಲಿ ಪಿಸ್ಟನ್ನು, ವಾಲ್ವು ಎರಡನ್ನೂ ತಾಳ ತಪ್ಪದಂಗೆ ಓಡಿಸೋ ಬೆಲ್ಟು. ಯಾವಾಗ ಹಾಕ್ಸಿದ್ದು ಅಂತ ಒಂದು ಬಿಲ್ಲೂ ಇಲ್ಲ, ಓಡೋವಾಗ ತುಂಡಾದ್ರೆ ಪಿಸ್ಟನ್ನು ವಾಲ್ವ್‌ಗೆ ಹೊಡ್ದು ಇಂಜಿನ್ನೇ ಬಿಚ್ಬೇಕು, ಅದ್ಕೆ ಬೆಲ್ಟು, ಅದನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ರು, ವಾಟರ್ ಪಂಪು ಮೂರೂ ಒಟ್ಟಿಗೆ ಹಾಕೋಣ ಅಂತ. ಭಾನುವಾರ ಬೆಳಗ್ಗೆ 8ಕ್ಕೆ ಬನ್ನಿಮಂಟಪದ ಶೆಡ್ಡು. ಸ್ಪ್ಯಾನರ್ ಹಿಡಿಗೆ ಸಿಕ್ಸಿ ತಿರುಗ್ಸೋಕೆ ಉದ್ದ ಕಬ್ಬಿಣದ ಪೈಪ್ ಇರೋರು ತನ್ನಿ, ಕ್ರ್ಯಾಂಕ್ ಪುಲ್ಲಿ (ಇಂಜಿನ್ ಮುಖ್ಯ ಶಾಫ್ಟಿನ ತುದೀಲಿರೋ ಚಕ್ರ) ಬೋಲ್ಟು ಸುಲಭಕ್ಕೆ ಬಿಡಲ್ಲ. ದೋಸೆ ನನ್ ಲೆಕ್ಕ.