ಅಪ್ಪನ ಬಾಡಿನೆಸರಿನ ವಿಚಾರ

ಡಬ್ಲಿನ್

ಅಮ್ಮ, ನಮಸ್ಕಾರ. ನಾನು ಆರಾಮಾಗಿದೀನಿ, ಚಳಿ ಇದೆ, ಸ್ವೆಟರ್ ಹಾಕ್ಕೊಂಡೇ ಓಡಾಡ್ತಿದೀನಿ, ಅದನ್ನ ಮತ್ತೆ ಕೇಳ್ಬೇಡ.

ಮಂಜು ಕೈಲಿ ಟೈಪ್ ಮಾಡ್ಸಿ ಕಳ್ಸಿದ್ದು ಓದ್ದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸ್ಕೊಂಡು ಬಂದ್ಮೇಲೆ ಅಪ್ಪ ಮುದ್ದೆ ತಟ್ಟೆ ಮುಂದೆ ಮುಖ ಗಂಟಿಕ್ಕೊಂಡು ಕೂತ್ಕೋತಾರೆ, ಬಾಡಿಲ್ದೆ ಗಂಟಲಲ್ಲಿ ಇಳಿಯಲ್ಲ ಅಂತಾರೆ, ಗುಬ್ಬಿಗೆ ಹೋದಾಗ ಹೋಟ್ಲಲ್ಲಿ ತಿಂದು ಬರ್ತಾರೇನೋ ಅಂತ ನಿಂಗೆ ಅನುಮಾನ. ಅದಕ್ಕಿಂತ ನಂಗೆ ಎದೆ ಧಸಕ್ ಅಂದಿದ್ದು, ಮಾತ್ರೆ ಉಷ್ಣ ಅಂತ ಒಂದೊಂದಿನ ಬಿಡ್ತಾರೆ ಅಂದ್ಯಲ್ಲ, ಅದು. ಅಮ್ಮ, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಮಾತ್ರೆ ಅದು, ಡಾಕ್ಟರ್ ಹೇಳೋ ತನಕ ಒಂದಿನಾನೂ ಬಿಡಂಗಿಲ್ಲ, ಬಿಟ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹೊಟ್ಟೆ ಉರಿ ಇದ್ರೆ ಡಾಕ್ಟರ್‌ಗೇ ಹೇಳ್ಲಿ, ಅದಕ್ಕೂ ಔಷಧಿ ಇದೆ.

ಇನ್ನು ಬಾಡು. ಪೂರ್ತಿ ಬಿಡ್ಸಿದ್ರೆ ಕದ್ದು ತಿಂತಾರೆ, ಅಪ್ಪನ ಹಠ ನಂಗೊತ್ತಿಲ್ವಾ. ಮುಂದಿನ ಸಲ ತೋರಿಸೋಕೆ ಹೋದಾಗ ಯಾವಾಗ, ಎಷ್ಟು ತಿನ್ಬೋದು ಅಂತ ಡಾಕ್ಟರನ್ನ ಬಾಯ್ಬಿಟ್ಟು ಕೇಳು, ಹೂಂ ಅಂದ್ರೆ ನಾನಿಲ್ಲಿ ಮಾಡೋ ತರ ಮಾಡು. ಇಲ್ಲಿ ಸ್ಲೋ ಕುಕ್ಕರ್ ಅಂತ ಕರೆಂಟಿನ ಪಾತ್ರೆ ಇದೆ, ಲೋ ಅನ್ನೋ ಸಣ್ಣ ಕಾವಲ್ಲಿಟ್ರೆ ಎಂಟು ಗಂಟೆ ತಣ್ಣಗೆ ಬೇಯ್ತಾ ಇರುತ್ತೆ, ಜನ ಅದನ್ನ ಹಾಕಿ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ಬಿಡ್ತಾರೆ, ನೀನು ನೋಡಿದ್ರೆ ಬೈದು ಬಿಡ್ತಿದ್ದೆ! ಮುಚ್ಚಳ ತೆಗೆದು ನೋಡೋ ಹಾಗಿಲ್ಲ, ಕಾವು ಹೋಗುತ್ತೆ. ಅಮೆರಿಕದಲ್ಲಿ 1971ರಲ್ಲಿ ಕ್ರಾಕ್-ಪಾಟ್ ಅಂತ ಮಾರೋಕೆ ಬಂತಂತೆ. ನಮ್ಮಜ್ಜಿ ಅದಕ್ಕೂ ಮುಂಚೆನೇ ಕೆಂಡದ ಮೇಲೆ ಮಡಕೇಲಿ ಇದನ್ನೇ ಮಾಡ್ತಿತ್ತು ಅಂತ ಇಲ್ಲಿಯೋರಿಗೆ ಹೇಳಿದೀನಿ. ಇವರ ಐರಿಶ್ ಸ್ಟ್ಯೂ ಅಂದ್ರೆ ಕುರಿ ಬಾಡು, ಆಲೂಗಡ್ಡೆ, ಈರುಳ್ಳಿ ಅಷ್ಟೇ, ಖಾರ ರುಬ್ಬಿ ಹಾಕೋದು ಮರೆತ ಎಸರಿನ ಹಾಗಿರುತ್ತೆ, ಆದ್ರೂ ಚಳೀಲಿ ಚೆನ್ನಾಗಿರುತ್ತೆ.

ನಿಂಗೆ ಮೆಷಿನ್ ಬೇಡ, ದಪ್ಪ ತಳದ ಪಾತ್ರೆ ಸಾಕು. ಕುರಿ ಮುಂಗಾಲು ಇಲ್ಲಾ ಕುತ್ತಿಗೆ ಕಡಿಸಿ ತರ್ಸು, ಮೇಲೆ ಕಾಣೋ ನೆಣ ಅಂಗಡೀಲೇ ತೆಗೆಸಿಬಿಡು, ಲಿವರು ಮೆದುಳು ತರ್ಸಲೇಬೇಡ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಅರಿಶಿನ ಹಾಕಿ ಸ್ವಲ್ಪೇ ಎಣ್ಣೇಲಿ ಬಾಡಿಸಿ, ಮುಳುಗೋ ಅಷ್ಟು ನೀರು ಹಾಕಿ ಸಣ್ಣ ಉರೀಲಿ ಮುಚ್ಚಿಡು, ಕುದಿಸ್ಬೇಡ, ಒಂದೊಂದೇ ಗುಳ್ಳೆ ಬರ್ಲಿ. ಆ ಭಾಗದಲ್ಲಿ ಜವ್ವು, ನರ ಜಾಸ್ತಿ, 70 ಡಿಗ್ರಿ ದಾಟಿದ್ಮೇಲೆ ಗಂಟೆಗಟ್ಲೆ ಬೆಂದಾಗ ಅದು ಕರಗಿ ಎಸರು ಮಂದ ಆಗುತ್ತೆ, ಕೊಬ್ಬರಿ ಸುರಿಯೋ ಅವಶ್ಯಕತೆನೇ ಇರಲ್ಲ. ಬೆಂದ ಮೇಲೆ ಆರ್ಸಿ ಎರಡು ಗಂಟೆ ಒಳಗೆ ಫ್ರಿಡ್ಜಿಗಿಡು. ಬೆಳಿಗ್ಗೆ ನೆಣ ಎಲ್ಲ ಬೆಳ್ಳಗೆ ಮೇಲೆ ಹೆಪ್ಪುಗಟ್ಟಿರುತ್ತೆ, ಸ್ಪೂನಲ್ಲಿ ಎತ್ತಿ ಬಿಸಾಕು. ಆಮೇಲೆ ಹುರಿದು ರುಬ್ಬಿದ ಧನಿಯಾ, ಮೆಣಸಿನಕಾಯಿ, ಚಕ್ಕೆ, ಲವಂಗ, ಸ್ವಲ್ಪ ಹುರಿಗಡಲೆ ಹಾಕಿ ಚೆನ್ನಾಗಿ ಕುದಿಸು. ಕಣ್ಣಿಗೆ ಕಾಣೋ ನೆಣ ಹೋಯ್ತು ಅಂದ್ರೆ ಪೂರ್ತಿ ಹೋದಂಗಲ್ಲ, ಕಂಡದೊಳಗೂ ಇರುತ್ತೆ, ಅದಕ್ಕೆ ಅಪ್ಪಂಗೆ ಮೂರ್ನಾಲ್ಕು ಕಂಡ ಸಾಕು, ಎಸರು ಕಮ್ಮಿ, ಸೊಪ್ಪಿನ ಪಲ್ಯ ಜಾಸ್ತಿ. ಉಪ್ಪೂ ನೋಡ್ಕೋ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗಿರ್ಲಿ, ಅಂದ್ರೆ ಒಂದು ಚಿಕ್ಕ ಚಮಚ. ಉಪ್ಪಿನಕಾಯಿ ಭರಣಿ ಎತ್ತಿಟ್ಬಿಡು.

ದುಡ್ಡಿಗೆ ಯೋಚ್ನೆ ಬೇಡ, ಮಾತ್ರೆಗೂ ಚೆಕಪ್ಪಿಗೂ ಕಳಿಸ್ತೀನಿ, ಚಿಕ್ಕಪ್ಪನ ಹತ್ರ ಕೇಳ್ಬೇಡ. ಅಪ್ಪಂಗೆ ಏನೂ ಆಗಲ್ಲ, ನಂಗೂ ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ, ನಿಜವಾಗ್ಲೂ. ಎದೆ ನೋವು, ಉಸಿರು ಕಟ್ಟೋದು ಏನಾದ್ರೂ ಕಂಡ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯ್ಬೇಡ, 108ಕ್ಕೆ ಫೋನ್ ಮಾಡಿ ತಕ್ಷಣ ಹೊರಡಿ.

ಬಸ್ಸಿಗೆ ಹೊತ್ತಾಯ್ತು, ಅತ್ತೆಗೆ ಕೇಳ್ದೆ ಅನ್ನು, ಭಾನುವಾರ ಫೋನ್ ಮಾಡ್ತೀನಿ, ಅಪ್ಪನ್ನ ಪಕ್ಕದಲ್ಲೇ ಕೂರಿಸ್ಕೊಂಡಿರು.

ಸುಮ