ಕುದುರೆಮುಖಕ್ಕೆ ಮಕ್ಕಳನ್ನು ಕರೆದೊಯ್ಯುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮಕ್ಕಳನ್ನು ಕುದುರೆಮುಖ ಹತ್ತಿಸಬಹುದೇ ಎಂದು ಕೇಳಿದ್ದೀಯ. ದೊಡ್ಡವನನ್ನು ಧಾರಾಳವಾಗಿ ಕರೆದುಕೊಂಡು ಹೋಗು. ಚಿಕ್ಕವಳಿಗೆ ಇನ್ನೆರಡು ವರ್ಷ ಕಾಯಲು ಹೇಳು, ಅವಳ ಸಿಟ್ಟನ್ನು ನೀನೇ ನಿಭಾಯಿಸಿಕೋ. ಹೋಗಿ ಬರಲು ಹತ್ತಿರಹತ್ತಿರ 20 ಕಿಲೋಮೀಟರ್ ನಡಿಗೆ. ಮೇಲೆ ರಾತ್ರಿ ತಂಗುವಂತಿಲ್ಲ. ನಡುದಾರಿಯಲ್ಲಿ ಕಾಲು ಸೋತರೆ ಜೀಪು ಬರುವ ಜಾಗವೂ ಅದಲ್ಲ. ಶಿಖರವೇನೋ 1,890 ಮೀಟರ್‌ಗಿಂತ ಸ್ವಲ್ಪ ಎತ್ತರ ಅಷ್ಟೆ, ಆದರೆ ದಾರಿ ಏರಿ, ಇಳಿದು, ಮತ್ತೆ ಏರಿ ಸತಾಯಿಸುತ್ತದೆ.

ನಾವು ಹೋದದ್ದು ಮಳೆ ಹಿಂದೆಗೆದ ಮೇಲೆ, ಹುಲ್ಲು ಇನ್ನೂ ಹಸಿರಾಗಿದ್ದಾಗ. ನಾನು, ಹತ್ತನೇ ತರಗತಿಯ ಮಗಳು, ಜೊತೆಗೆ ತಂಗಿಯ ಮಗ, ಎಂಟನೇ ತರಗತಿಯವನು. ಕಾರ್ಕಳದ ಕಡೆಯಿಂದ ಘಾಟಿ ಹತ್ತಿ ಕಳಸದ ದಾರಿ ಹಿಡಿದರೆ ಕುದುರೆಮುಖ ಪಟ್ಟಣ ಸಿಗುತ್ತದಲ್ಲ, ಅಲ್ಲಿನ ಖಾಲಿ ಮನೆಗಳ ಸಾಲನ್ನು ನೋಡಿ ಹುಡುಗ 'ಮಾವ, ಇಲ್ಲಿಯವರೆಲ್ಲ ಎಲ್ಲಿ ಹೋದರು?' ಎಂದ. ಇಲ್ಲಿನ ಗಣಿಯ ಕಬ್ಬಿಣದ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನವರೆಗೆ ಹರಿಸುತ್ತಿದ್ದುದು, 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾದದ್ದು, ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತದ್ದು, ಎಲ್ಲವನ್ನೂ ಹೇಳಿದೆ. 'ಹಾಗಾದರೆ ನಿಲ್ಲಿಸಿದ್ದು ಒಳ್ಳೆಯದೋ ಕೆಟ್ಟದ್ದೋ?' ಎಂದಳು ಮಗಳು. ಕಾಡಿಗೆ ಒಳ್ಳೆಯದು, ಕೆಲಸ ಹೋದವರನ್ನು ಕೇಳಿದರೆ ಬೇರೆ ಮಾತು ಬಂದೀತು ಎಂದೆ. ಅಷ್ಟಕ್ಕೆ ಬಿಡಲಿಲ್ಲ, ಸಂಸೆಯವರೆಗೂ ಇಬ್ಬರೂ ವಾದ ಮಾಡಿದರು. ಈ ವಯಸ್ಸಿನವರ ಜೊತೆ ಹೋಗುವುದರ ಲಾಭ ಇದೇ. ಚಿಕ್ಕ ಮಕ್ಕಳಾಗಿದ್ದರೆ ಚಿಪ್ಸ್ ಕೇಳುತ್ತಿದ್ದರು. (ಇವರೂ ಕೇಳಿದರು, ವಾದ ಮುಗಿದ ಮೇಲೆ.)

ನಡಿಗೆ ಶುರುವಾಗುವ ಮುಳ್ಳೋಡಿಯ ಹೋಂಸ್ಟೇಯಲ್ಲಿ ರಾತ್ರಿ ಉಳಿದೆವು. ಊಟವಾದ ಮೇಲೆ ನನ್ನ ಕೈಗಡಿಯಾರ ಬಿಚ್ಚಿ ಮಗಳಿಗೆ ಕೊಟ್ಟು ಒಂದು ಒಪ್ಪಂದ ಮಾಡಿಕೊಂಡೆ: ಮಧ್ಯಾಹ್ನ ಒಂದು ಗಂಟೆಗೆ ನಾವು ಎಲ್ಲೇ ಇರಲಿ, ಅಲ್ಲಿಂದ ತಿರುಗಬೇಕು. ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು, ಎಲ್ಲ ಅವಳದೇ ತೀರ್ಮಾನ. ನಾನು ಬಾಯಿ ಹಾಕುವುದು ಅಪಾಯವಿದ್ದರೆ ಮಾತ್ರ. ಗೈಡ್ ನಕ್ಕು, 'ಸರಿ, ನಾನೂ ಅವರ ಮಾತೇ ಕೇಳುತ್ತೇನೆ ಸರ್' ಎಂದರು.

ನೀನು ಅಂದುಕೊಂಡಿರುವ ಹಾಗೆ ಕಡಿದಾದ ಏರಿನಲ್ಲಿ ಮಕ್ಕಳು ಕೈಚೆಲ್ಲುವುದಿಲ್ಲ. ಏರು ಬಂದರೆ ಅವರಿಗೆ ಹಟ ಬರುತ್ತದೆ. ಅವರು ಸೋಲುವುದು ಒಂಟಿಮರ ಎನ್ನುವ ಜಾಗ ದಾಟಿದ ಮೇಲಿನ ಆ ಉದ್ದನೆಯ ಹಾದಿಯಲ್ಲಿ. ಒಂದು ಗುಡ್ಡದ ಸೊಂಟ ಬಳಸಿದರೆ ಮುಂದೆ ಅಂಥದ್ದೇ ಇನ್ನೊಂದು ಗುಡ್ಡ. ಶಿಖರ ಎದುರಿಗೇ ಕಾಣುತ್ತದೆ, ಗಂಟೆ ನಡೆದರೂ ಅಷ್ಟೇ ದೂರದಲ್ಲಿರುತ್ತದೆ. ಅಲ್ಲಿ ಹುಡುಗ ಮಾತು ನಿಲ್ಲಿಸಿದ. ಮಾತು ನಿಲ್ಲಿಸಿದರೆ ಸುಸ್ತಲ್ಲ, ಬೇಸರ. ಅದಕ್ಕೆ ಮದ್ದು ತೊರೆಗಳು. ಬೋಳು ಹುಲ್ಲುಗುಡ್ಡಗಳ ಮಡಿಲಲ್ಲಿ ಮಾತ್ರ ಶೋಲಾ ಎನ್ನುವ ನಿತ್ಯಹಸಿರು ಕಾಡು ಕಿಕ್ಕಿರಿದು ನಿಂತಿರುತ್ತದೆ, ಹುಲ್ಲು ಹೀರಿದ ಮಳೆ ಅಲ್ಲಿ ತೊರೆಯಾಗಿ ಹೊರಬೀಳುತ್ತದೆ. ಪ್ರತಿ ತೊರೆಯಲ್ಲೂ ಮುಖ ತೊಳೆದು, ಶೀಷೆ ತುಂಬಿ, ಕಾಲುಚೀಲದೊಳಗೆ ಇಂಬಳ (ಜಿಗಣೆ) ಹುಡುಕಿದೆವು.

ಇಂಬಳದ ವಿಷಯದಲ್ಲಿ ನಿನ್ನ ಮನೆಯವರು ಹೆದರಿದ್ದಾರೆ ಎಂದು ಬರೆದಿದ್ದೀಯ. ಕಚ್ಚುವುದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಏನನ್ನೋ ಬಿಡುವುದರಿಂದ ಅದು ಉದುರಿದ ಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ನೋಡಲು ಭಯಂಕರ, ತೊಂದರೆ ತುರಿಕೆಯದು ಮಾತ್ರ. ಹುಡುಗ ಮೊದಲನೆಯದಕ್ಕೆ ಕಿರುಚಿದ, ಆಮೇಲೆ ತನಗೆ ಹೆಚ್ಚು ಹತ್ತಿವೆಯೋ ಅಕ್ಕನಿಗೋ ಎಂದು ಲೆಕ್ಕಕ್ಕೆ ಕುಳಿತ.

ಕೊನೆಯ ಏರಿಗೆ ಮೊದಲು ಒಂದು ಹಳೆಯ ಕಟ್ಟಡದ ಪಾಳುಗೋಡೆಗಳಿವೆ. ಅಲ್ಲಿ ಅವನು ಕಲ್ಲಿನ ಮೇಲೆ ಕುಳಿತು, 'ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ' ಎಂದುಬಿಟ್ಟ. ಒಬ್ಬನನ್ನೇ ಬಿಡುವ ಪ್ರಶ್ನೆಯೇ ಇರಲಿಲ್ಲ. ನನ್ನ ನಾಲಗೆಯ ತುದಿಗೆ ಇಡೀ ಉಪದೇಶವೇ ಬಂದಿತ್ತು, ನುಂಗಿಕೊಂಡೆ. ಮಗಳು ಗಡಿಯಾರ ನೋಡಿದಳು. ಅವನ ಚೀಲದಿಂದ ನೀರಿನ ಶೀಷೆಗಳನ್ನು ತೆಗೆದು ತನ್ನದರಲ್ಲಿ ಹಾಕಿಕೊಂಡು, ಅರ್ಧ ಚಿಕ್ಕಿ ಮುರಿದು ಕೊಟ್ಟು, 'ನೀನು ಮುಂದೆ ನಡೆ. ನೀನು ನಿಂತ ಕಡೆ ನಾವೂ ನಿಲ್ಲುತ್ತೇವೆ' ಎಂದಳು. ಹಿಂದೆ ಉಳಿಯುತ್ತಿದ್ದವನನ್ನು ಮುಂದೆ ಹಾಕಿದ್ದೇ ತಡ, ಅವನಿಗೆ ಎಲ್ಲಿಂದ ಬಂತೋ ಹುರುಪು, ನಾನೇ ಏದುಸಿರು ಬಿಟ್ಟೆ.

ತುದಿ ತಲುಪಿದಾಗ ಒಂದಕ್ಕೆ ಕೆಲವೇ ನಿಮಿಷ ಬಾಕಿ. ಮೇಲೆ ಏನಿತ್ತು ಎಂದು ಕೇಳಬೇಡ. ಮಂಜಿತ್ತು. ಪಡುವಣ ದಿಕ್ಕಿನ ಪ್ರಪಾತವಿಲ್ಲ, ಕರಾವಳಿಯಿಲ್ಲ, ನಮ್ಮ ಗೈಡೇ ನಾಲ್ಕು ಹೆಜ್ಜೆ ದೂರದಲ್ಲಿ ನೆರಳಿನಂತೆ ಕಾಣುತ್ತಿದ್ದರು. ಚಿತ್ರಾನ್ನದ ಡಬ್ಬಿ ತೆರೆಯುವಷ್ಟರಲ್ಲಿ ಮಗಳು 'ಒಂದು ಗಂಟೆ. ಊಟ ಕೆಳಗಿನ ತೊರೆಯ ಹತ್ತಿರ' ಎಂದಳು. ಹತ್ತಲಾರೆ ಎಂದು ಕುಳಿತಿದ್ದವನೇ ಈಗ ಇಳಿಯಲಾರೆ ಎಂದು ಕುಳಿತ! ಇನ್ನು ಹತ್ತು ನಿಮಿಷ ಕಾದರೆ ಮಂಜು ಸರಿಯುತ್ತದೆ ಎಂದು ಅವನ ವಾದ. ಅವಳು ಜಗ್ಗಲಿಲ್ಲ. ನಿಜ ಹೇಳಬೇಕೆಂದರೆ, ಗಡಿಯಾರ ನನ್ನ ಕೈಯಲ್ಲಿದ್ದರೆ ಆ ಹತ್ತು ನಿಮಿಷ ಕೊಟ್ಟುಬಿಡುತ್ತಿದ್ದೆ. ಅದು ನನ್ನ ಕೈಯಲ್ಲಿ ಇಲ್ಲದಿದ್ದದ್ದೇ ಒಳ್ಳೆಯದಾಯಿತು, ಏಕೆಂದರೆ ಇಳಿಜಾರಿನಲ್ಲಿ ನನ್ನ ಮಂಡಿ ಎಷ್ಟು ನಿಧಾನ ಮಾಡುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಪಾಳುಗೋಡೆಗಳ ಹತ್ತಿರ ಬರುವಷ್ಟರಲ್ಲಿ ಹಿಂದೆ ತಿರುಗಿ ನೋಡಿದರೆ ಶಿಖರ ನಿಚ್ಚಳ! ಹುಡುಗ ಅಕ್ಕನೊಡನೆ ಒಂಟಿಮರದವರೆಗೆ ಮಾತಾಡಲಿಲ್ಲ. ಅವಳು ಕ್ಷಮೆಯನ್ನೂ ಕೇಳಲಿಲ್ಲ. ಬೆಳಕಿರುವಾಗಲೇ ಮುಳ್ಳೋಡಿ ಮುಟ್ಟಿದೆವು, ನನ್ನಿಂದಾಗಿ ಮಾತ್ರ ತಡವಾಯಿತು.

ನಿನಗೆ ಬೇಕಾದ ವಿವರಗಳಿಗೆ ಬರುತ್ತೇನೆ. ಅನುಮತಿಯನ್ನು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರ ಬೇಗ ತುಂಬುತ್ತವೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸು. ನಿನ್ನ ಮಗನಿಗೆ ಹೊಸ ಬೂಟು ಕೊಡಿಸಬೇಡ, ಹಳೆಯದೇ ಇರಲಿ. ಹಿಂದಿನ ದಿನವೇ ಕಾಲಿನ ಉಗುರು ಕತ್ತರಿಸಲು ಹೇಳು, ಇಳಿಯುವಾಗ ಬೆರಳು ಬೂಟಿನ ಮೂತಿಗೆ ಬಡಿದು ಬಡಿದು ಉಗುರು ಕಪ್ಪಗಾಗುತ್ತದೆ. ಓಆರ್‌ಎಸ್ ಪೊಟ್ಟಣ, ಉಪ್ಪು, ಒಂದು ಜೊತೆ ಹೆಚ್ಚಿನ ಕಾಲುಚೀಲ, ಒದ್ದೆಯಾಗದ ಜಾಕೆಟ್ ಇರಲಿ. ಊರುಗೋಲು ಅವನಿಗೆ ಬೇಡ, ನಿನಗೆ ಬೇಕು. ನನ್ನ ಹತ್ತಿರ ಎರಡಿವೆ, ಬಂದು ತೆಗೆದುಕೊಂಡು ಹೋಗು.

ದಿನ ನಿಶ್ಚಯವಾದರೆ ತಿಳಿಸು. ಮಂಜಿಲ್ಲದ ಶಿಖರ ಬಾಕಿ ಇದೆ ಎಂದು ತಂಗಿಯ ಮಗ ಈಗಲೂ ಜಗಳ ತೆಗೆಯುತ್ತಾನೆ. ನಿಮ್ಮ ಜೊತೆ ಅವನನ್ನೂ ಸೇರಿಸಿಕೊಳ್ಳುವುದಾದರೆ ನನ್ನ ಮಂಡಿಗೆ ಉಪಕಾರವಾಗುತ್ತದೆ.

ಇಂತಿ ನಿನ್ನ
ಗೆಳೆಯ